ಏನೂ ಕೊರತೆ ಇಲ್ಲ, ಆದರೂ ಬದುಕು ಸಪ್ಪೆ. ಬದಲಾಗುವ ಹುಮ್ಮಸ್ಸು ಎಲ್ಲಿಂದ ಬರುತ್ತದೆ?

ರೈಲುಬುತ್ತಿ (ತುಮಕೂರು)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಬೇಸರ ಮಾಡಿಕೊಳ್ಳಬೇಡಿ.

ನನಗೆ 34 ವರ್ಷ. ಬಟವಾಡಿ ಹತ್ತಿರ ಮನೆ. ಅಮ್ಮ, ಹೆಂಡತಿ, ಆರು ವರ್ಷದ ಮಗಳು. ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ 11 ವರ್ಷದಿಂದ ಕೆಲಸ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಬುತ್ತಿ ಹಿಡಿದು ರೈಲು ಹತ್ತುತ್ತೇನೆ. ಕ್ಯಾತ್ಸಂದ್ರ, ಹಿರೇಹಳ್ಳಿ, ನಿಡವಂದ, ಸೋಲದೇವನಹಳ್ಳಿ, ಯಶವಂತಪುರ, ಅಲ್ಲಿಂದ ಬಸ್ಸು. ರಾತ್ರಿ ಮನೆ ಸೇರುವಾಗ ಎಂಟೂವರೆ ದಾಟಿರುತ್ತದೆ, ಮಗಳು ಅರ್ಧ ನಿದ್ದೆಯಲ್ಲಿರುತ್ತಾಳೆ. ಸಂಬಳ 38,000. ಮನೆ ಸಾಲದ ಕಂತು 14,500. ಯಾರಿಗೂ ಕೈಚಾಚುವ ಪರಿಸ್ಥಿತಿ ಇಲ್ಲ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ನೋಡುವವರಿಗೆ ಚೆನ್ನಾಗಿರುವ ಸಂಸಾರ.

ಆದರೆ ನನಗೆ ಯಾವುದರಲ್ಲೂ ರುಚಿ ಇಲ್ಲ. ಹೀಗೆ ನಾಲ್ಕೈದು ವರ್ಷ ಆಗಿರಬೇಕು. ಪ್ರತಿ ಭಾನುವಾರ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ನಾಳೆಯಿಂದ ಬೇಗ ಏಳಬೇಕು, ವಾಕಿಂಗ್ ಹೋಗಬೇಕು, ಹೊಸ ಸಾಫ್ಟ್‌ವೇರ್ ಕಲಿಯಬೇಕು, ಬೇರೆ ಕೆಲಸ ಹುಡುಕಬೇಕು ಅಂತ. ಬುಧವಾರದ ಹೊತ್ತಿಗೆ ಒಂದೂ ಇರುವುದಿಲ್ಲ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕಳೆದ ತಿಂಗಳು ನಮ್ಮ ಬೋಗಿಯ ಹಿರಿಯರೊಬ್ಬರು ನಿವೃತ್ತರಾದರು. ಒಂಬತ್ತು ವರ್ಷ ಅವರ ಎದುರಿನ ಸೀಟಿನಲ್ಲಿ ಕೂತು ಹೋಗಿದ್ದೇನೆ. ಕೊನೆಯ ದಿನ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ನಾಳೆಯಿಂದ ಏನು ಮಾಡುತ್ತೀರಿ ಸರ್ ಅಂತ ಕೇಳಿದೆ. ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿ "ಗೊತ್ತಿಲ್ಲಪ್ಪ" ಅಂದರು. ಅಷ್ಟೇ. ಆ ಮುಖ ನನ್ನ ಕಣ್ಣಿಂದ ಹೋಗುತ್ತಿಲ್ಲ. ನಾನೂ ಅಲ್ಲಿಗೇ ಹೋಗುತ್ತಿದ್ದೇನೆ ಅನ್ನಿಸುತ್ತಿದೆ.

ಬದಲಾಗಬೇಕು ಅಂತ ಇದೆ. ಬದಲಾಗುವುದಕ್ಕೆ ಬೇಕಾದ ಹುಮ್ಮಸ್ಸು ಇಲ್ಲ. ಅದು ನಿಮಗೆ ಎಲ್ಲಿಂದ ಬಂತು? ನಿಜವಾಗಿ ಬದಲಾದವರು ಯಾರಾದರೂ ಇದ್ದರೆ ಹೇಳಿ.

ತೆಂಗಿನಗರಿ (ತಿಪಟೂರು)

ಬಿಟ್ಟುಬಿಡಿ ಅಣ್ಣ. ನೇರವಾಗಿ ಹೇಳುತ್ತಿದ್ದೇನೆ. ನಾನೂ ಪೀಣ್ಯದಲ್ಲಿ ಎಂಟು ವರ್ಷ ದುಡಿದೆ, 2019ರಲ್ಲಿ ಬಿಟ್ಟು ಊರಿಗೆ ಬಂದೆ. ಈಗ ತೋಟ, ಕೊಬ್ಬರಿ, ಎರಡು ಹಸು. ಬಿಡದೆ ಯೋಚನೆ ಮಾಡುತ್ತಾ ಕೂತರೆ ಯೋಚನೆಯಲ್ಲೇ ವಯಸ್ಸಾಗುತ್ತದೆ. ಹೊಳೆಗೆ ಇಳಿದ ಮೇಲೇ ಈಜು ಬರುವುದು.

ನರಸಾಪುರ ಶಿಫ್ಟು (ಕೋಲಾರ)

ತೆಂಗಿನಗರಿ ಅಣ್ಣ, ನಿಮಗೆ ಇಳಿಯಲು ಹೊಳೆ ಇತ್ತು, ತೋಟ ಇತ್ತು. ಎಲ್ಲರಿಗೂ ಇರುವುದಿಲ್ಲ.

ನನಗೆ 24. ನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಒಂದು ವಾರ ಹಗಲು, ಒಂದು ವಾರ ರಾತ್ರಿ. ರೂಮಿನಲ್ಲಿ ಐದು ಹುಡುಗಿಯರು, ಒಬ್ಬಳು ಮಲಗುವಾಗ ಇನ್ನೊಬ್ಬಳು ಏಳುತ್ತಾಳೆ. ಊರಿಗೆ ತಿಂಗಳಿಗೆ 9,000 ಕಳಿಸುತ್ತೇನೆ, ತಮ್ಮ ಓದುತ್ತಿದ್ದಾನೆ. ಮೊಬೈಲ್ ತೆಗೆದರೆ ಸಾಕು, ಯಾರೋ ಸೂಟು ಹಾಕಿಕೊಂಡು ನಿಮ್ಮ ಬದುಕು ನಿಮ್ಮ ಕೈಯಲ್ಲಿದೆ ಅಂತಾರೆ. ಕೇಳಿ ಕೇಳಿ ಅಳು ಬರುತ್ತದೆ. ನನ್ನ ಕೈಯಲ್ಲಿ ಇರುವುದು ಮುಂದಿನ ವಾರ ಯಾವ ಶಿಫ್ಟು ಅನ್ನುವುದೂ ಅಲ್ಲ. ಕಷ್ಟ ಹೊರಗಡೆ ಇದ್ದಾಗ, ನಿನ್ನ ಮನಸ್ಸು ಸರಿಯಿಲ್ಲ ಅಂತ ಹೇಳುವುದು ತಪ್ಪು. ರೈಲುಬುತ್ತಿ ಅಣ್ಣ, ದಿನಕ್ಕೆ ಹದಿನೈದು ಗಂಟೆ ಮನೆಯಿಂದ ಹೊರಗಿರುವವರಿಗೆ ಹುಮ್ಮಸ್ಸು ಇಲ್ಲ ಅಂದರೆ ಅದು ಸೋಮಾರಿತನ ಅಲ್ಲ. ನಿಮಗೆ ಸುಸ್ತಾಗಿದೆ.

ಮನಸ್ಸಿನ ಪಾಠ (ಚಿಕ್ಕಬಳ್ಳಾಪುರ)

ನರಸಾಪುರ ತಂಗಿ ಹೇಳಿದ್ದು ಸರಿ. ನಾನು ಮನಶ್ಶಾಸ್ತ್ರ ಓದಿ ಆಪ್ತಸಮಾಲೋಚನೆ ಕೆಲಸ ಮಾಡುವವಳು. ಮೊದಲು ಅದರಿಂದಲೇ ಶುರು ಮಾಡುತ್ತೇನೆ.

ರೈಲುಬುತ್ತಿಯವರೇ, ಒಂದು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ. ಇವುಗಳಲ್ಲಿ ಒಂದು ಏರುಪೇರಾದರೂ ಮನುಷ್ಯ ವರ್ಷಗಟ್ಟಲೆ ತನ್ನನ್ನೇ ಬೈದುಕೊಂಡು ಓಡಾಡುತ್ತಾನೆ. ಎರಡನೆಯದು, ಎರಡು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚುಕಡಿಮೆ ದಿನವಿಡೀ, ಯಾವುದರಲ್ಲೂ ಆಸಕ್ತಿ ಇಲ್ಲದೆ ಮನಸ್ಸು ಕುಗ್ಗಿದ್ದು, ನಿದ್ದೆ ಊಟ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರೂ ಇರುತ್ತಾರೆ. ನರಸಾಪುರ ತಂಗಿ, ಅಳು ಬರುತ್ತದೆ ಅಂದಿರಿ, ಈ ನಂಬರ್ ನಿಮಗೂ ಹೇಳುತ್ತಿದ್ದೇನೆ.

ಇನ್ನು ಹುಮ್ಮಸ್ಸಿನ ವಿಷಯ. ಮೊದಲು ಮನಸ್ಸು ಬರಬೇಕು, ಆಮೇಲೆ ಕೆಲಸ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಎಷ್ಟೋ ಸಲ ಉಲ್ಟಾ. 1970ರ ದಶಕದಲ್ಲಿ ಪೀಟರ್ ಲೂಯಿನ್‌ಸನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಖಿನ್ನತೆಯ ಬಗ್ಗೆ ಇದನ್ನೇ ಹೇಳಿದರು. ಮನಸ್ಸು ಕುಗ್ಗಿದಾಗ ಖುಷಿ ಕೊಡುವ ಕೆಲಸ ಒಂದೊಂದೇ ಬಿಟ್ಟುಹೋಗುತ್ತದೆ, ಬಿಟ್ಟುಹೋದಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ಅದಕ್ಕೇ ಮನಸ್ಸು ಇಲ್ಲದಿದ್ದರೂ ಒಂದು ಸಣ್ಣ ಕೆಲಸ ಹೊತ್ತು ಗೊತ್ತು ಮಾಡಿಕೊಂಡು ಮಾಡಬೇಕು. ಅದನ್ನು ಮಾಡುತ್ತಾ ಹೋದ ಹಾಗೆ ಮನಸ್ಸು ತಾನಾಗಿ ಹಿಂದೆ ಬರುತ್ತದೆ. ಈಗಲೂ ಈ ದಾರಿಯಲ್ಲಿ ಚಿಕಿತ್ಸೆ ಕೊಡುತ್ತಾರೆ.

ನಿಮ್ಮ ಭಾನುವಾರದ ಪಟ್ಟಿಯಲ್ಲಿ ನಾಲ್ಕು ಕೆಲಸ ಇದೆ. ಮೂರನ್ನು ಹೊಡೆದುಹಾಕಿ. ಬುಧವಾರ ತಪ್ಪಿಹೋದರೆ ಗುರುವಾರ ಮತ್ತೆ ಮಾಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರ ಅಧ್ಯಯನ 2010ರಲ್ಲಿ ಪ್ರಕಟವಾಯಿತು. 96 ಜನ, ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಅಭ್ಯಾಸ. ಅದು ಮೈಗೂಡಲು ಸರಾಸರಿ 66 ದಿನ ಹಿಡಿಯಿತು, ಕೆಲವರಿಗೆ 18, ಕೆಲವರಿಗೆ 254ರ ತನಕ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ನೀವು ಮೂರೇ ದಿನಕ್ಕೆ ನಿಮ್ಮ ಮೇಲೆ ತೀರ್ಪು ಕೊಟ್ಟುಕೊಳ್ಳುತ್ತಿದ್ದೀರಿ.

ನಿವೃತ್ತ ಮೇಷ್ಟ್ರು (ಗೌರಿಬಿದನೂರು)

ನಮ್ಮ ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರನ್ನು ನೆನಪು ಮಾಡಿಕೊಳ್ಳಿ. ಬಡವರ ಮನೆ. ಓದಬೇಕು ಅಂತ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು, ಆದರೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಬದುಕಿದರು. ಛಲ ಇದ್ದರೆ ದಾರಿ ತಾನಾಗಿ ಕಾಣುತ್ತದೆ.

ರೈಲುಬುತ್ತಿ (ತುಮಕೂರು)

ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಅಂಥ ದೊಡ್ಡವರ ಬಗ್ಗೆ ನನಗೂ ಗೌರವ ಇದೆ. ನಾನು ಸಿದ್ಧಗಂಗೆಯ ನೆರಳಿನಲ್ಲಿ ಬೆಳೆದವನು. 111 ವರ್ಷ ಬದುಕಿದ ಸ್ವಾಮೀಜಿ, ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ. ಚಿಕ್ಕಂದಿನಿಂದ ಕೇಳಿದ್ದೇನೆ, ಕಣ್ಣಾರೆ ನೋಡಿದ್ದೇನೆ. ಆದರೆ ನಿಜ ಹೇಳುತ್ತೇನೆ, ಈಗ ಅಂಥ ಬದುಕುಗಳನ್ನು ನೆನೆದರೆ ನಾನು ಇನ್ನೂ ಕುಗ್ಗುತ್ತೇನೆ. ಅವರೆಲ್ಲ ಅಷ್ಟು ಮಾಡಿದರು, ನನಗೆ ಒಂದು ವಾಕಿಂಗ್ ಹೋಗಲು ಆಗುತ್ತಿಲ್ಲ ಅನ್ನಿಸುತ್ತದೆ.

ಮನಸ್ಸಿನ ಪಾಠ ಮೇಡಂ, ರಕ್ತ ಪರೀಕ್ಷೆ ಶನಿವಾರ ಮಾಡಿಸುತ್ತೇನೆ.

ನಿವೃತ್ತ ಮೇಷ್ಟ್ರು (ಗೌರಿಬಿದನೂರು)

ನೀವು ಹೇಳಿದ್ದು ನನಗೆ ನಾಟಿತು. 31 ವರ್ಷ ಪಾಠ ಮಾಡಿದ್ದೇನೆ, ಎಷ್ಟು ಮಕ್ಕಳಿಗೆ ಹೀಗೇ ಹೇಳಿ ಕುಗ್ಗಿಸಿದ್ದೇನೋ ಅಂತ ರಾತ್ರಿ ಯೋಚಿಸಿದೆ.

ಹಾಗಾದರೆ ಅದೇ ಕಥೆಯ ಇನ್ನೊಂದು ಪಕ್ಕ ಹೇಳುತ್ತೇನೆ. ಆ ಹುಡುಗ ನಡೆದು ಹೋದದ್ದು ಯಾರೂ ಇಲ್ಲದ ಊರಿಗೆ ಅಲ್ಲ. ಅಲ್ಲಿ ಅವರನ್ನು ಬಲ್ಲ ಮೇಷ್ಟ್ರೊಬ್ಬರು ಇದ್ದರು. ನಾವು ನಡಿಗೆಯನ್ನು ಹೇಳುತ್ತೇವೆ, ಆ ಮೇಷ್ಟ್ರನ್ನು ಹೇಳುವುದಿಲ್ಲ. ನಿಮಗೆ ಛಲ ಇದೆಯಾ ಅಂತ ಇನ್ನು ಕೇಳುವುದಿಲ್ಲ. ಎರಡು ಪ್ರಶ್ನೆ ಕೇಳುತ್ತೇನೆ. ಕಳೆದ ಒಂದು ವರ್ಷದಲ್ಲಿ ಯಾವ ಕೆಲಸ ಮಾಡುವಾಗ ಗಡಿಯಾರ ನೋಡುವುದು ಮರೆತುಹೋಯಿತು? ಆಗ ಪಕ್ಕದಲ್ಲಿ ಯಾರಿದ್ದರು? ಆತುರ ಇಲ್ಲ, ನೆನಪಾದಾಗ ಬರೆಯಿರಿ.

ಹಿಪ್ಪುನೇರಳೆ (ಶಿಡ್ಲಘಟ್ಟ)

ನಾನು ರೇಷ್ಮೆ ಹುಳು ಸಾಕುವವನು, ಓದಿದ್ದು ಪಿಯುಸಿ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಸೊಪ್ಪು ಹಾಕಿದರೆ ಮುಟ್ಟುವುದಿಲ್ಲ. ಗೊತ್ತಿಲ್ಲದವರು ನೋಡಿದರೆ ಸತ್ತೇಹೋಗಿದೆ ಅನ್ನುತ್ತಾರೆ. ಒಳಗೆ ಹೊಸ ಚರ್ಮ ಬರುತ್ತಿರುತ್ತದೆ. ಆಗ ಸೊಪ್ಪು ನಿಲ್ಲಿಸಬೇಕು, ಹಾಸಿಗೆ ಒಣಗಿರಬೇಕು, ಮುಟ್ಟಬಾರದು. ನಾಲ್ಕು ಹುಳು ಎದ್ದವು ಅಂತ ಆತುರಕ್ಕೆ ಸೊಪ್ಪು ಹಾಕಿದರೆ, ಎದ್ದವು ತಿಂದು ಮುಂದೆ ಹೋಗುತ್ತವೆ, ಮಿಕ್ಕವು ಹಿಂದೆ ಬೀಳುತ್ತವೆ, ಬೆಳೆ ಏರುಪೇರಾಗುತ್ತದೆ. ಹೆಚ್ಚುಕಡಿಮೆ ಎಲ್ಲ ಎದ್ದ ಮೇಲೆ ಸೊಪ್ಪು ಕೊಡಬೇಕು. ಹಾಗಂತ ಎದ್ದ ಮೇಲೂ ಕೊಡದೆ ತಡ ಮಾಡಿದರೆ ಹಸಿದು ಸೊರಗುತ್ತವೆ.

ಅಣ್ಣ, ನೀವು ಜ್ವರಕ್ಕೆ ಕೂತಿದ್ದೀರಿ ಅನ್ನಿಸುತ್ತದೆ. ಮೇಲೆ ಮೇಲೆ ಸೊಪ್ಪು ಸುರಿಯಬೇಡಿ. ಎದ್ದದ್ದು ಗೊತ್ತಾದ ಮೇಲೆ ತಡ ಮಾಡಲೂ ಬೇಡಿ.

ಅಂತರಗಂಗೆ ಅಕ್ಕ (ಕೋಲಾರ)

ಹಿಪ್ಪುನೇರಳೆ ಬರೆದದ್ದನ್ನು ಮೂರು ಸಲ ಓದಿದೆ.

ನನ್ನ ಕಥೆ ಹೇಳುತ್ತೇನೆ ತಮ್ಮ. ಹತ್ತೊಂಬತ್ತಕ್ಕೆ ಮದುವೆ, ಪಿಯುಸಿಗೆ ಓದು ನಿಂತಿತು. 38ನೇ ವಯಸ್ಸಿನಲ್ಲಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎಗೆ ಸೇರಿದೆ. ಮೈಸೂರಿನದು, 1996ರಲ್ಲಿ ಆದದ್ದು, ನನ್ನಂಥವರಿಗಾಗಿಯೇ ಮಾಡಿದ ಹಾಗಿದೆ. ಮಗನ ಎಸ್ಸೆಸ್ಸೆಲ್ಸಿ ಮತ್ತು ನನ್ನ ಮೊದಲ ವರ್ಷ ಒಟ್ಟಿಗೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಡಿಗೆಮನೆಯ ಕಟ್ಟೆ ಮೇಲೆ ಪುಸ್ತಕ ಇಟ್ಟುಕೊಂಡು, ಹಾಲು ಉಕ್ಕುವ ತನಕ ಓದುತ್ತಿದ್ದೆ. ಹುಮ್ಮಸ್ಸು ಇತ್ತಾ ಅಂದರೆ ಇರಲಿಲ್ಲ. ಭಯ ಇತ್ತು. ಮೊದಲ ವರ್ಷ ಎರಡು ಪೇಪರ್ ಹೋಯಿತು. ಈ ವಯಸ್ಸಲ್ಲಿ ನಿನಗ್ಯಾಕೆ ಅಂತ ಹತ್ತಿರದವರೇ ಅಂದರು. ಮತ್ತೆ ಕಟ್ಟಿದೆ. ಮೂರು ವರ್ಷದ್ದು ಐದು ವರ್ಷ ಹಿಡಿಯಿತು. ಈಗ ಒಂದು ಖಾಸಗಿ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತೇನೆ, ಸಂಬಳ ಜಾಸ್ತಿ ಇಲ್ಲ, ಆದರೆ ಮಕ್ಕಳು ಮಿಸ್ ಅಂತ ಓಡಿ ಬರುತ್ತಾರೆ.

ಒಂದು ಕೇಳಲೇಬೇಕು. ನೀವು ಇಷ್ಟು ಬರೆದಿರಿ, ನಿಮ್ಮ ಮನೆಯವರಿಗೆ ಇದು ಗೊತ್ತಾ? ಅವರಿಗೆ ಹೇಗಿದೆ ಅಂತ ನೀವು ಯಾವತ್ತಾದರೂ ಕೇಳಿದ್ದೀರಾ?

ಮಾರಿಕುಪ್ಪಂ ಲೋಕಲ್ (ಕೆಜಿಎಫ್)

ನಾನೂ ರೈಲಿನವನೇ. ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರು, ದಿನಾ. ನಮ್ಮ ಊರಿನಿಂದ ಸಾವಿರಾರು ಜನ ಹೀಗೇ ಹೋಗುತ್ತಾರೆ, ಯಾಕೆ ಅಂತ ಎಲ್ಲರಿಗೂ ಗೊತ್ತು. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ನೂರಿಪ್ಪತ್ತು ವರ್ಷ ನಡೆದ ಗಣಿ.

ನಮ್ಮ ಬೀದಿಯಲ್ಲಿ ಮತ್ತೆ ತೆರೆಯುತ್ತಾರೆ ಅಂತ ಕಾದವರು ತುಂಬಾ ಜನ. ಅಪ್ಪನೂ ಕಾದರು. ಹೆಲ್ಮೆಟ್ಟು, ಬೂಟು ಒರೆಸಿ ಇಡುತ್ತಿದ್ದರು. ಅವರ ಕಾಯುವಿಕೆಯನ್ನು ನಾನು ತಪ್ಪು ಅನ್ನುವುದಿಲ್ಲ, ಅವರಿಗೆ ಬೇರೆ ಕೆಲಸ ಯಾರೂ ಕಲಿಸಿರಲಿಲ್ಲ. ಆದರೆ ಅದನ್ನು ನೋಡಿ ಬೆಳೆದ ನನಗೆ ಕಾಯುವುದು ಅಂದರೆ ಭಯ. ಸರಿಯಾದ ಸಮಯ ಬರಲಿ, ಮನಸ್ಸು ಬರಲಿ, ಸಾಲ ತೀರಲಿ, ಇದೆಲ್ಲ ಬೂಟು ಒರೆಸಿ ಇಟ್ಟ ಹಾಗೇ ಅಲ್ವಾ ಅನ್ನಿಸುತ್ತದೆ.

ರೈಲಿನಲ್ಲಿ ಏನಾದರೂ ಕಲಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಬೆಳಗಿನ ರೈಲಿನಲ್ಲಿ ನಿದ್ದೆ ಮಾಡಿ. ಸಂಜೆಯ ರೈಲಿನಲ್ಲಿ ಮೊದಲ ಇಪ್ಪತ್ತು ನಿಮಿಷ ಮಾತ್ರ ನಿಮ್ಮದು ಅಂತ ಇಟ್ಟುಕೊಳ್ಳಿ.

ತೆಂಗಿನಗರಿ (ತಿಪಟೂರು)

ನರಸಾಪುರ ತಂಗಿ ಹೇಳಿದ ಮೇಲೆ ಎರಡು ದಿನ ಸುಮ್ಮನಿದ್ದೆ. ನಾನು ಪೂರ್ತಿ ಹೇಳಿರಲಿಲ್ಲ, ಹೇಳುತ್ತೇನೆ. ನಾನು ಕೆಲಸ ಬಿಡುವಾಗ ಹತ್ತು ತಿಂಗಳ ಖರ್ಚಿಗೆ ದುಡ್ಡು ಕೂಡಿಟ್ಟಿದ್ದೆ. ಅಪ್ಪನ ಮೂರು ಎಕರೆ ತೋಟ ಇತ್ತು. ಹೆಂಡತಿಗೆ ಸರ್ಕಾರಿ ಕೆಲಸ. ಇಷ್ಟು ಇದ್ದೂ 2023ರಲ್ಲಿ ಕೈ ಸುಟ್ಟಿತು. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750, ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಯಿತು. ಹಸುವಿನ ಹಾಲು ಇಲ್ಲದಿದ್ದರೆ ವಾಪಸ್ ಪೀಣ್ಯಕ್ಕೇ ಹೋಗುತ್ತಿದ್ದೆ. ಆದ್ದರಿಂದ ಬಿಟ್ಟುಬಿಡಿ ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಮೊದಲು ಲೆಕ್ಕ ಹಾಕಿ. ನೀವು ಲೆಕ್ಕದವರು, ನಿಮಗೆ ನಾನು ಹೇಳಬೇಕಾಗಿಲ್ಲ.

ರೈಲುಬುತ್ತಿ (ತುಮಕೂರು)

ಮೇಷ್ಟ್ರ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಂಜೆ ರೈಲಿನಲ್ಲಿ ಬರುವಾಗ, ದಾಬಸ್‌ಪೇಟೆ ದಾಟಿದ ಮೇಲೆ ಥಟ್ಟನೆ ನೆನಪಾಯಿತು.

ನಮ್ಮ ಊರು ಗುಬ್ಬಿ ತಾಲೂಕು, ನಿಟ್ಟೂರಿನ ಕಡೆ. ಕಳೆದ ದಸರಾಕ್ಕೆ ಹೋಗಿದ್ದಾಗ ಸ್ತ್ರೀಶಕ್ತಿ ಸಂಘದಲ್ಲಿ ದೊಡ್ಡ ಗಲಾಟೆ. ಲೆಕ್ಕದಲ್ಲಿ 2,400 ರೂಪಾಯಿ ಕಮ್ಮಿ ಬರುತ್ತಿತ್ತು. ಪುಸ್ತಕ ಬರೆಯುವ ಹೆಂಗಸಿನ ಮೇಲೆ ಎಲ್ಲರಿಗೂ ಅನುಮಾನ. ಆಕೆ ಏಳನೇ ಕ್ಲಾಸು ಓದಿದವಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಜಗಲಿ ಮೇಲೆ ಕೂತಿದ್ದಳು. ಇವನು ಬೆಂಗಳೂರಲ್ಲಿ ಲೆಕ್ಕ ಬರೆಯುತ್ತಾನೆ, ನೋಡಲಿ ಅಂತ ಅಮ್ಮ ನನ್ನನ್ನು ಕರೆದುಕೊಂಡು ಹೋದರು. ಮೂರು ವರ್ಷದ ಪುಸ್ತಕ. ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ಅವರವರ ಪಾಸ್‌ಬುಕ್ ತರಿಸಿ, ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾ ಹೋದೆ. ಒಬ್ಬರ ಆರು ಕಂತು, ಒಂದೊಂದು 400ರಂತೆ, ಅವರ ಪುಟದ ಜೊತೆಗೆ ಅದೇ ಹೆಸರಿನ ಇನ್ನೊಬ್ಬರ ಪುಟದಲ್ಲೂ ಜಮಾ ಆಗಿತ್ತು. ದುಡ್ಡು ಯಾರೂ ತೆಗೆದಿರಲಿಲ್ಲ. ಅದನ್ನು ತೋರಿಸಿದಾಗ ಆ ಹೆಂಗಸು ಜೋರಾಗಿ ಅತ್ತಳು. ಬೈದವರೇ ಹೋಗಿ ಅವಳನ್ನು ತಬ್ಬಿಕೊಂಡರು. ಆಮೇಲೆ ಇಂಥ ತಪ್ಪು ಆಗದ ಹಾಗೆ ಪುಸ್ತಕ ಹೇಗೆ ಬರೆಯಬೇಕು ಅಂತ ಅವಳಿಗೇ ಹೇಳಿಕೊಟ್ಟೆ. ತಲೆ ಎತ್ತಿ ನೋಡಿದರೆ ಕತ್ತಲಾಗಿತ್ತು. ಕೊನೆಯ ಬಸ್ಸು ಹೋಗಿತ್ತು. ಆ ರಾತ್ರಿ ಬಂದ ನಿದ್ದೆ ನನಗೆ ಇನ್ನೂ ನೆನಪಿದೆ.

ಮೇಷ್ಟ್ರೇ, ಅದು ಲೆಕ್ಕದ ಕೆಲಸ. ನಾನು ದಿನಾ ಮಾಡಿ ಬೇಸತ್ತಿರುವ ಅದೇ ಕೆಲಸ. ಇಷ್ಟು ದಿನ ನನಗೆ ಈ ಕೆಲಸವೇ ಆಗಿಬರುವುದಿಲ್ಲ, ಬೇರೆ ಏನಾದರೂ ಕಲಿಯಬೇಕು ಅಂದುಕೊಂಡಿದ್ದೆ. ಆಫೀಸಿನಲ್ಲಿ 11 ವರ್ಷದಿಂದ ನಾನು ಬರೆಯುವ ಲೆಕ್ಕ ಯಾರದು, ಅದರಿಂದ ಯಾರಿಗೆ ಏನಾಯಿತು ಅಂತ ಒಂದು ಸಲವೂ ಗೊತ್ತಾಗಿಲ್ಲ.

ಮನಸ್ಸಿನ ಪಾಠ (ಚಿಕ್ಕಬಳ್ಳಾಪುರ)

ಓದಿ ಕಣ್ಣು ತುಂಬಿತು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದರು. ಒಳಗಿನಿಂದ ಹುಮ್ಮಸ್ಸು ಬರಬೇಕಾದರೆ ಮೂರು ಬೇಕು ಅನ್ನುತ್ತಾರೆ. ಇದು ನಾನು ಆರಿಸಿಕೊಂಡದ್ದು ಅನ್ನಿಸಬೇಕು, ಇದು ನನ್ನ ಕೈಯಲ್ಲಿ ಆಗುತ್ತದೆ ಅನ್ನಿಸಬೇಕು, ನನ್ನ ಜೊತೆ ಜನ ಇದ್ದಾರೆ ಅನ್ನಿಸಬೇಕು. ನಿಮ್ಮ ಆಫೀಸಿನಲ್ಲಿ ನಡುವಿನದು ಒಂದೇ ಇದೆ. ಆ ಜಗಲಿಯಲ್ಲಿ ಮೂರೂ ಇತ್ತು.

ನರಸಾಪುರ ಶಿಫ್ಟು (ಕೋಲಾರ)

ಅಣ್ಣ, ಅಂಥ ಜಗಲಿ ನಮ್ಮ ಊರಲ್ಲೂ ಬೇಕು. ನಮ್ಮ ಅವ್ವನ ಸಂಘದಲ್ಲೂ ಇದೇ ಜಗಳ.

ತೆಂಗಿನಗರಿ (ತಿಪಟೂರು)

ಹಾಗಾದರೆ ಒಂದು ವಿಷಯ ಕೇಳಿ. 2020ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 10,000 ರೈತ ಉತ್ಪಾದಕರ ಸಂಸ್ಥೆ ಮಾಡುವ ಯೋಜನೆ ತಂದಿತು. ನಮ್ಮ ಜಿಲ್ಲೆಯಲ್ಲೂ ತೆಂಗು, ಶೇಂಗಾ, ರಾಗಿ, ಹುಣಸೆ ಅಂತ ರೈತರ ಕಂಪನಿಗಳು ಆಗಿವೆ. ಒಂದೊಂದಕ್ಕೂ ಮೂರು ವರ್ಷಕ್ಕೆ 18 ಲಕ್ಷದ ತನಕ ನಿರ್ವಹಣೆ ಖರ್ಚು ಕೊಡುತ್ತಾರೆ. ಆದರೆ ಲೆಕ್ಕ ಗೊತ್ತಿರುವವರು ಸಿಗುತ್ತಿಲ್ಲ. ಜಿಎಸ್‌ಟಿ, ಆಡಿಟ್, ಷೇರುದಾರರ ಪಟ್ಟಿ, ಎಲ್ಲ ಅಲ್ಲೇ ನಿಲ್ಲುತ್ತದೆ. ನನಗೆ ಪರಿಚಯದ ಒಂದರಲ್ಲಿ ಕೇಳಿ ನೋಡುತ್ತೇನೆ. ಸಂಬಳ ಬೆಂಗಳೂರಿನಷ್ಟು ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ರೈಲುಬುತ್ತಿ (ತುಮಕೂರು), ಆರು ವಾರದ ನಂತರ

ಕೇಳಿದವರಿಗೆಲ್ಲ ಉತ್ತರ ಕೊಡದೆ ಹೋಗಿದ್ದಕ್ಕೆ ಕ್ಷಮಿಸಿ. ನಡೆದದ್ದನ್ನು ಹೇಳುತ್ತೇನೆ.

ರಕ್ತ ಪರೀಕ್ಷೆಯಲ್ಲಿ ಬಿ12 ತುಂಬಾ ಕಮ್ಮಿ ಇತ್ತು. ಡಾಕ್ಟರ್ ಇಂಜೆಕ್ಷನ್ ಕೊಟ್ಟರು. ಸುಸ್ತು ಅರ್ಧಕ್ಕರ್ಧ ಇಳಿದಿದೆ. ಇದನ್ನು ಮೊದಲೇ ಮಾಡಿಸಬೇಕಿತ್ತು.

ಪಟ್ಟಿಯಲ್ಲಿ ಒಂದೇ ಕೆಲಸ ಉಳಿಸಿಕೊಂಡೆ. ತಿಂಗಳಿಗೆ ಎರಡು ಭಾನುವಾರ ಊರಿಗೆ ಹೋಗಿ ಸಂಘದ ಪುಸ್ತಕ ನೋಡುವುದು. ಈಗ ಮೂರು ಸಂಘ ಆಗಿವೆ. ಒಂದು ಭಾನುವಾರ ಹೋಗಲು ಆಗಲಿಲ್ಲ, ಮಗಳಿಗೆ ಜ್ವರ. ಮುಂದಿನ ವಾರ ಹೋದೆ. ಮೊದಲಿನ ನಾನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ.

ತೆಂಗಿನಗರಿಯವರ ಜೊತೆ ಒಂದು ಶನಿವಾರ ರಜೆ ಹಾಕಿ ಆ ರೈತರ ಕಂಪನಿಗೆ ಹೋಗಿ ಬಂದೆ. ಕೆಲಸ ಇದೆ. 22,000 ಕೊಡುತ್ತಾರೆ. ಕಂತು ಹೋದರೆ ಉಳಿಯುವುದು 7,500. ಬೆಂಗಳೂರಿನ ಬಸ್ಸು, ಕಾಫಿ, ತಿಂಡಿ ಎಲ್ಲ ಸೇರಿ ತಿಂಗಳಿಗೆ 3,000 ಉಳಿದರೂ ಮನೆ ನಡೆಯುವುದಿಲ್ಲ. ಆದ್ದರಿಂದ ಈಗ ಹೋಗುತ್ತಿಲ್ಲ. ಶನಿವಾರ ಮಾತ್ರ ಬಂದು ಜಿಎಸ್‌ಟಿ ನೋಡಿಕೊಡುತ್ತೇನೆ ಅಂದಿದ್ದೇನೆ, ಯೋಚಿಸಿ ಹೇಳುತ್ತೇವೆ ಅಂದಿದ್ದಾರೆ. ಆಫೀಸಿನಲ್ಲಿ ಶನಿವಾರದ ರಜೆ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಇಲ್ಲ ಅಂದರೂ ಅನ್ನಬಹುದು. ಕೇಳುವಾಗ ಕೈ ನಡುಗಿತು, ಆದರೆ ಕೇಳಿದೆ.

ಅಂತರಗಂಗೆ ಅಕ್ಕ, ನಿಮ್ಮ ಪ್ರಶ್ನೆಯಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಒಂದು ರಾತ್ರಿ ಇಲ್ಲಿ ಬರೆದದ್ದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ "ನನಗೂ ಹೀಗೇ ಇದೆ, ನನ್ನನ್ನು ಯಾರೂ ಕೇಳಲಿಲ್ಲ" ಅಂದಳು. ಅವಳದು ಬಿಎ ಎರಡನೇ ವರ್ಷಕ್ಕೆ ನಿಂತದ್ದು. ಮದುವೆ ಆದ ಮೇಲೆ ಮುಗಿಸಬಹುದು ಅಂತ ನಾನೇ ಅವತ್ತು ಮಾತು ಕೊಟ್ಟಿದ್ದೆ. ಎಂಟು ವರ್ಷ ಆಯಿತು. ನನ್ನ ಬದುಕು ಸಪ್ಪೆ ಅಂತ ಇಷ್ಟು ಬರೆದೆನಲ್ಲ, ಅದೇ ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಅಂತರಗಂಗೆ ಅಕ್ಕ (ಕೋಲಾರ)

ಒಳ್ಳೆಯ ಕೆಲಸ ಮಾಡಿದಿರಿ ತಮ್ಮ. ಈಗ ಆ ಹುಡುಗಿಯನ್ನೇ ಇಲ್ಲಿ ಬರೆಯಲು ಹೇಳಿ.

ರೈಲುಬುತ್ತಿ (ತುಮಕೂರು)

ಅಕ್ಕ, ನಾನು ಅವರ ಹೆಂಡತಿ. ಇವರ ಅಕೌಂಟಿನಿಂದಲೇ ಬರೆಯುತ್ತಿದ್ದೇನೆ. ನಾನು ಮೊದಲ ವರ್ಷ ಪೂರ್ತಿ ಪಾಸಾಗಿದ್ದೆ, ಎರಡನೇ ವರ್ಷ ಪರೀಕ್ಷೆ ಬರೆದಿರಲಿಲ್ಲ. ಈಗ ಮೊದಲಿನಿಂದ ಸೇರಬೇಕಾ? ನನಗೆ ಇಂಗ್ಲಿಷ್ ಕಷ್ಟ. ಮಗಳು ಸ್ಕೂಲಿಗೆ ಹೋದ ಮೇಲೆ ಹತ್ತರಿಂದ ಹನ್ನೆರಡರ ತನಕ ಸಮಯ ಸಿಗುತ್ತದೆ, ಹೊಲಿಗೆ ಮಧ್ಯಾಹ್ನಕ್ಕೆ ಹಾಕಿಕೊಳ್ಳಬಹುದು. ಅಷ್ಟು ಸಾಕಾ?

ಅಂತರಗಂಗೆ ಅಕ್ಕ (ಕೋಲಾರ)

ಎರಡು ಗಂಟೆ ಧಾರಾಳ ಆಯಿತಮ್ಮ. ನನಗೆ ಅರ್ಧ ಗಂಟೆ ಸಿಗುತ್ತಿತ್ತು. ಕನ್ನಡ ಮಾಧ್ಯಮದಲ್ಲೇ ಬರೆಯಬಹುದು, ಭಯ ಬೇಡ. ಮುಕ್ತ ವಿವಿಯ ಪ್ರಾದೇಶಿಕ ಕೇಂದ್ರ ತುಮಕೂರಿನಲ್ಲೇ ಇದೆ, ಫೋನಿನಲ್ಲಿ ಕೇಳಬೇಡಿ, ಒಂದು ದಿನ ಅಲ್ಲಿಗೇ ಹೋಗಿ ಕೂತು ಕೇಳಿ. ಹಳೆಯ ಮೊದಲ ವರ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ ಅಂತ ಅವರೇ ಅಂಕಪಟ್ಟಿ ನೋಡಿ ಹೇಳಬೇಕು. ತೆಗೆದುಕೊಳ್ಳದಿದ್ದರೆ ಮೊದಲಿನಿಂದ ಓದಿದರಾಯಿತು, ಓದಿದ್ದೇ ಅಲ್ವಾ. ಎಸ್ಸೆಸ್ಸೆಲ್ಸಿ, ಪಿಯುಸಿ, ಮೊದಲ ವರ್ಷದ್ದು, ಮೂರೂ ಅಂಕಪಟ್ಟಿ ಹುಡುಕಿ ಇಟ್ಟುಕೊಳ್ಳಿ. ನನ್ನ ಹತ್ತಿರ ಚರಿತ್ರೆ ಮತ್ತು ಕನ್ನಡದ ಪುಸ್ತಕಗಳಿವೆ, ಅಂಚಿನಲ್ಲಿ ಪೆನ್ಸಿಲ್ ಗುರುತು ಇದೆ, ಪರವಾಗಿಲ್ಲ ಅಂದರೆ ಕಳಿಸುತ್ತೇನೆ.

ಮಾರಿಕುಪ್ಪಂ ಲೋಕಲ್ (ಕೆಜಿಎಫ್)

ಅಕ್ಕ, ಪುಸ್ತಕ ಬೆಂಗಳೂರಿಗೆ ತರುವುದು ನನ್ನ ಜವಾಬ್ದಾರಿ. ಬಂಗಾರಪೇಟೆ ಸ್ಟೇಷನ್ನಿಗೆ ಯಾರ ಕೈಯಲ್ಲಾದರೂ ಕೊಟ್ಟು ಕಳಿಸಿ. ಯಶವಂತಪುರದಲ್ಲಿ ರೈಲುಬುತ್ತಿಯವರಿಗೆ ಸಂಜೆ ಕೊಡುತ್ತೇನೆ.

ರೈಲುಬುತ್ತಿ (ತುಮಕೂರು)

ಅಕ್ಕ, ಅಂಕಪಟ್ಟಿ ಮೂರೂ ಸಿಕ್ಕವು. ಅಟ್ಟದ ಮೇಲಿನ ಟ್ರಂಕಿನಲ್ಲಿ, ನಮ್ಮ ಮದುವೆ ಕರೆಯೋಲೆಗಳ ಕೆಳಗೆ ಇದ್ದವು. ಪಿಯುಸಿದು ಅಂಚಿನಲ್ಲಿ ಸ್ವಲ್ಪ ಹರಿದಿದೆ, ಇವರು ಈಗ ಟೇಪು ಅಂಟಿಸುತ್ತಿದ್ದಾರೆ. ಗುರುವಾರ ಕೇಂದ್ರಕ್ಕೆ ಹೋಗುತ್ತೇನೆ. ಅತ್ತೆ ಜೊತೆಗೆ ಬರುತ್ತೇನೆ ಅಂದಿದ್ದಾರೆ.